ನದೀಮೂಲವನ್ನು ಕೇಳಿದ ಮತ್ಸ್ಯವಿಜ್ಞಾನಿ

ಋಷಿಮೂಲವನ್ನೂ ನದೀಮೂಲವನ್ನೂ ಕೇಳಬಾರದೆಂದು ನಮ್ಮಲ್ಲಿ ಒಂದು ಗಾದೆಯುಂಟು. ಋಷಿಯ ಮಾತನ್ನು ಕೇಳುವವನು ಅವನ ಕುಲವನ್ನು ವಿಚಾರಿಸಬೇಕಾಗಿಲ್ಲ. ತೀರ್ಥದಲ್ಲಿ ಮೀಯುವವನು ಅದು ಯಾವ ಬಂಡೆಯ ಸಂದಿಯಲ್ಲಿ ಹುಟ್ಟಿತೆಂದು ಹುಡುಕಬೇಕಾಗಿಲ್ಲ. ಭಕ್ತಿಯ ದೃಷ್ಟಿಯಿಂದ ಈ ಮಾತು ಸರಿಯೇ. ಆದರೆ ವಿಜ್ಞಾನಿಯ ಕೆಲಸವು ಕೇಳುವುದರಿಂದಲೇ ಮೊದಲಾಗುತ್ತದೆ. ಹೀಗೆ ನದಿಯ ಮೂಲವನ್ನೂ ಅದರಲ್ಲಿ ವಾಸಿಸುವ ಮೀನಿನ ಮೂಲವನ್ನೂ ಜೀವಮಾನವಿಡೀ ಕೇಳುತ್ತ ನಡೆದ ಒಬ್ಬ ಭಾರತೀಯ ವಿದ್ವಾಂಸರ ಕಥೆಯನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ. ಅವರ ಹೆಸರು ಡಾಕ್ಟರ್ ಸುಂದರಲಾಲ ಹೋರಾ.

ಮೀನುಗಳ ವಿಷಯವಾಗಿ ಬರೆಯಲು ಕನ್ನಡ ಪಂಡಿತನಿಗೆ ಏನು ಅಧಿಕಾರವೆಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಈ ವಿಜ್ಞಾನಿಯ ದಾರಿಯು ಒಂದು ಕಡೆಯಲ್ಲಿ ಸಹ್ಯಾದ್ರಿಯ ತೊರೆಗಳಿಗೆ ಬರುತ್ತದೆ, ಇನ್ನೊಂದು ಕಡೆಯಲ್ಲಿ ಕಲ್ಯಾಣದ ಚಾಲುಕ್ಯರ ಆಸ್ಥಾನಕ್ಕೆ ಬರುತ್ತದೆ. ಹಳೆಯ ಹೊತ್ತಗೆಯನ್ನೂ ಹರಿಯುವ ನೀರನ್ನೂ ಒಂದೇ ಶ್ರದ್ಧೆಯಿಂದ ಓದಿದವರು ಅಪರೂಪ. ಹೋರಾ ಅಂಥವರಲ್ಲೊಬ್ಬರು.

ಅವರು ಹುಟ್ಟಿದ್ದು ೧೮೯೬ನೆಯ ಇಸವಿಯಲ್ಲಿ, ಪಂಜಾಬಿನ ಹಾಫಿಜಾಬಾದಿನಲ್ಲಿ. ಆ ಊರು ಈಗ ಪಾಕಿಸ್ತಾನಕ್ಕೆ ಸೇರಿದೆ. ಜಲಂಧರದಲ್ಲಿ ಶಾಲೆ, ಲಾಹೋರಿನಲ್ಲಿ ಕಾಲೇಜು. ೧೯೧೯ರಲ್ಲಿ ಲಾಹೋರಿಗೆ ಬಂದಿದ್ದ ಥಾಮಸ್ ನೆಲ್ಸನ್ ಅನಂಡೇಲ್ ಎಂಬ ಪ್ರಾಣಿಶಾಸ್ತ್ರಜ್ಞರು ಈ ತರುಣನನ್ನು ಕಂಡರು. ಅನಂಡೇಲರು ೧೯೧೬ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿತವಾದ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಮೊದಲ ನಿರ್ದೇಶಕರು. ಅವರ ಆಹ್ವಾನದ ಮೇಲೆ ಹೋರಾ ಕಲ್ಕತ್ತೆಗೆ ಹೋದರು. ೧೯೨೧ರ ವೇಳೆಗೆ ಮೀನುಗಳ ಮತ್ತು ಸರೀಸೃಪಗಳ ವಿಭಾಗದ ಹೊಣೆಯು ಅವರ ಕೈಗೆ ಬಂತು. ಐದು ನದಿಗಳ ನಾಡಿನಲ್ಲಿ ಹುಟ್ಟಿದವರಿಗೆ ಇಡೀ ದೇಶದ ನದಿಗಳೇ ಪಾಠಶಾಲೆಯಾದವು.

ಆ ಕಾಲದ ವಸ್ತುಸಂಗ್ರಹಾಲಯಗಳಲ್ಲಿ ಮೀನಿನ ಅಧ್ಯಯನವೆಂದರೆ ಬಹುಮಟ್ಟಿಗೆ ಸೀಸೆಯೊಳಗಿನ ಅಧ್ಯಯನ. ಮದ್ಯಸಾರದಲ್ಲಿ ಇಟ್ಟ ಮೀನಿನ ಹುರುಪೆಗಳನ್ನು ಎಣಿಸುವುದು, ಈಜುರೆಕ್ಕೆಯ ಎಳೆಗಳನ್ನು ಎಣಿಸುವುದು, ಹೆಸರು ಕೊಡುವುದು. ಈ ಕೆಲಸವೂ ಬೇಕು. ಹೋರಾ ಅದನ್ನು ಬಿಡಲಿಲ್ಲ. ಆದರೆ ಸೀಸೆಯೊಳಗಿನ ಮೀನು ತಾನು ಹೀಗೇಕೆ ಆದೆನೆಂದು ಹೇಳಲಾರದು. ಅದನ್ನು ತಿಳಿಯಬೇಕಾದರೆ ಮೀನಿರುವ ನೀರಿಗೆ ಇಳಿಯಬೇಕು. ಹೋರಾ ಮಣಿಪುರದ ಕಣಿವೆಗೆ ಹೋದರು, ನಾಗಾ ಬೆಟ್ಟಗಳನ್ನು ನೋಡಿದರು, ಖಾಸಿ ಬೆಟ್ಟಗಳ ತೊರೆಗಳಲ್ಲಿ ನಿಂತು ಅಲ್ಲಿನ ಜೀವಿಗಳನ್ನು ಪರಿಶೀಲಿಸಿದರು. ಈ ಸಂಚಾರದ ಫಲವಾಗಿ ೧೯೨೨ ಮತ್ತು ೧೯೨೩ರಲ್ಲಿ ಅವರ ಲೇಖನಗಳು ಹೊರಬಂದವು. ೧೯೩೦ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯು ಬೆಟ್ಟದ ತೊರೆಗಳ ಜೀವಿಗಳನ್ನು ಕುರಿತ ಅವರ ದೀರ್ಘ ಪ್ರಬಂಧವನ್ನು ಪ್ರಕಟಿಸಿತು.

ಆ ಪ್ರಬಂಧದ ಸಾರವನ್ನು ತಿಳಿಯಲು ನೀವು ದೂರ ಹೋಗಬೇಕಾಗಿಲ್ಲ. ಮಳೆಗಾಲ ಮುಗಿದ ಮೇಲೆ ಮಲೆನಾಡಿನ ಯಾವುದಾದರೂ ಹಳ್ಳದ ಬಳಿ ನಿಂತು ನೋಡಿ. ಬಂಡೆಯಿಂದ ಬಂಡೆಗೆ ನೀರು ಧುಮುಕುತ್ತದೆ. ಅದರಲ್ಲಿ ಕಾಲಿಟ್ಟರೆ ಮನುಷ್ಯನೇ ತೂರಾಡುತ್ತಾನೆ. ಆದರೆ ಬೆರಳುದ್ದದ ಒಂದು ಮೀನು ಆ ಸೆಳವಿನ ನಡುವೆ ಕಲ್ಲಿಗೆ ಅಂಟಿಕೊಂಡು ನಿಶ್ಚಿಂತೆಯಾಗಿ ಪಾಚಿಯನ್ನು ಹೆರೆದು ತಿನ್ನುತ್ತಿರುತ್ತದೆ. ಇದು ಹೇಗೆ ಸಾಧ್ಯ?

ಹೋರಾ ತೋರಿಸಿಕೊಟ್ಟ ಉತ್ತರ ಹೀಗೆ. ಇಂಥ ಮೀನಿನ ಮೈಯು ಚಪ್ಪಟೆಯಾಗಿರುತ್ತದೆ. ಹೊಟ್ಟೆಯ ಭಾಗವು ಕಲ್ಲಿನ ಮೇಲೆ ಕೂರುವಂತೆ ಸಮತಟ್ಟಾಗಿರುತ್ತದೆ. ಕಲ್ಲಿನ ಮೈಗೆ ತೀರ ಹತ್ತಿರದಲ್ಲಿ ನೀರಿನ ವೇಗವು ಕಡಿಮೆ. ಚಪ್ಪಟೆಯಾದ ಮೀನು ಆ ಆಸರೆಯಲ್ಲಿ ಅಡಗಿರುತ್ತದೆ. ಎರಡು ಜೊತೆ ಈಜುರೆಕ್ಕೆಗಳು ಪಕ್ಕಕ್ಕೆ ಬೀಸಣಿಗೆಯಂತೆ ಹರಡಿಕೊಂಡು, ಅವುಗಳ ಅಡಿಯಲ್ಲಿ ಮೆತ್ತೆಯಂಥ ಚರ್ಮವು ಬೆಳೆದಿರುತ್ತದೆ. ಕೆಲವು ಮೀನುಗಳಿಗೆ ಬಾಯಿಯ ಹಿಂದೆ ಬಿಲ್ಲೆಯಂಥ ಅಂಗವಿದೆ; ಕೆಲವಕ್ಕೆ ಎದೆಯ ಚರ್ಮವೇ ಸೀರೆಯ ನಿರಿಗೆಯಂತೆ ಮಡಿಕೆಮಡಿಕೆಯಾಗಿದೆ. ಇವೆಲ್ಲ ಕಲ್ಲನ್ನು ಕಚ್ಚಿ ಹಿಡಿಯುವ ಸಾಧನಗಳು. ಬಯಲುಸೀಮೆಯ ಕೆರೆಯ ಮೀನಿಗೆ ನೀರಿನಲ್ಲಿ ತೇಲುವುದಕ್ಕೆ ಮೈಯೊಳಗೆ ಒಂದು ಗಾಳಿಚೀಲವುಂಟು. ತೊರೆಯ ಮೀನಿಗೆ ತೇಲುವುದೇ ಅಪಾಯ. ತೇಲಿದರೆ ಕೊಚ್ಚಿ ಹೋಗುತ್ತದೆ. ಆದುದರಿಂದ ಅದರ ಗಾಳಿಚೀಲವು ಕುಗ್ಗಿ ಸಣ್ಣದಾಗಿದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಂಬಂಧವೇ ಇಲ್ಲದ ಎರಡು ವಂಶದ ಮೀನುಗಳು ಒಂದೇ ಬಗೆಯ ಸೆಳವಿನಲ್ಲಿ ಬಹುಕಾಲ ಬಾಳಿದರೆ ಒಂದನ್ನೊಂದು ಹೋಲತೊಡಗುತ್ತವೆ. ನೀರಿನ ಓಟವು ಕುಂಬಾರನ ಕೈಯಂತೆ ಅವುಗಳನ್ನು ಒಂದೇ ಆಕಾರಕ್ಕೆ ತರುತ್ತದೆ. ಆದುದರಿಂದ ರೂಪದ ಹೋಲಿಕೆಯನ್ನು ಕಂಡೊಡನೆ ರಕ್ತಸಂಬಂಧವೆಂದು ತೀರ್ಮಾನಿಸಬಾರದು. ಈ ಎಚ್ಚರಿಕೆಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅವರದೇ ಒಂದು ಸಿದ್ಧಾಂತದ ವಿಚಾರದಲ್ಲಿ ಇದೇ ಪ್ರಶ್ನೆಯು ಎದ್ದುಬಂದಿತು.

ಆ ಸಿದ್ಧಾಂತವು ನಮ್ಮ ಸಹ್ಯಾದ್ರಿಗೆ ಸಂಬಂಧಿಸಿದುದು. ಪೂರ್ವ ಹಿಮಾಲಯ, ಅಸ್ಸಾಂ, ಬರ್ಮಾ, ಮಲಯ ಇವುಗಳ ಬೆಟ್ಟದ ತೊರೆಗಳಲ್ಲಿ ಕೆಲವು ಬಗೆಯ ಮೀನುಗಳಿವೆ. ಅವುಗಳ ನಂಟರಂತೆ ಕಾಣುವ ಮೀನುಗಳು ಮತ್ತೆ ಸಿಕ್ಕುವುದು ಸಾವಿರಾರು ಮೈಲಿ ದೂರದ ಪಶ್ಚಿಮ ಘಟ್ಟಗಳಲ್ಲಿ. ನಡುವಣ ವಿಶಾಲವಾದ ಒಣ ಪ್ರದೇಶದಲ್ಲಿ ಅವು ಇಲ್ಲ. ಹಕ್ಕಿಯಾದರೆ ಹಾರಿ ಬಂದಿತೆನ್ನಬಹುದು. ಬೀಜವಾದರೆ ಗಾಳಿಯು ತಂದಿತೆನ್ನಬಹುದು. ಕಲ್ಲಿಗೆ ಅಂಟಿಕೊಂಡು ತಣ್ಣನೆಯ ಓಟದ ನೀರಿನಲ್ಲಲ್ಲದೆ ಬದುಕಲಾರದ ಮೀನು ಬಯಲಿನ ಬೆಚ್ಚನೆಯ ಮಂದಗತಿಯ ನದಿಗಳನ್ನು ದಾಟಿ ಹೇಗೆ ಬಂದೀತು?

ಹೋರಾ ಈ ಒಗಟಿಗೆ ಒಂದು ಧೀರವಾದ ಉತ್ತರವನ್ನು ಸೂಚಿಸಿದರು. ಈಗ ಗಂಗೆ ಬ್ರಹ್ಮಪುತ್ರೆಗಳು ಸಮುದ್ರದತ್ತ ಹರಿದುಹೋಗುವ ಗಾರೋ ಬೆಟ್ಟ ಮತ್ತು ರಾಜಮಹಲ ಬೆಟ್ಟಗಳ ನಡುವಣ ಕಂಡಿಯು ಒಂದು ಕಾಲದಲ್ಲಿ ತಗ್ಗಾಗಿರಲಿಲ್ಲ, ಬೆಟ್ಟಗಳ ಸಾಲು ಅಲ್ಲಿ ಕೂಡಿಕೊಂಡಿತ್ತು. ವಿಂಧ್ಯ ಸಾತ್ಪುಡ ಶ್ರೇಣಿಗಳಲ್ಲಿ ಆಗ ಮಳೆಯೂ ತೊರೆಗಳೂ ಸಮೃದ್ಧವಾಗಿದ್ದವು. ಹಿಮಯುಗದ ಆ ಕಾಲದಲ್ಲಿ ಮೀನುಗಳು ತೊರೆಯಿಂದ ತೊರೆಗೆ ಸರಿಯುತ್ತ ಸಾತ್ಪುಡದ ಸೇತುವೆಯ ಮೇಲೆ ಪಶ್ಚಿಮಕ್ಕೆ ಬಂದು, ಸಹ್ಯಾದ್ರಿಯನ್ನು ಹಿಡಿದು ದಕ್ಷಿಣಕ್ಕೆ ಇಳಿದವು. ಗಾರೋ ರಾಜಮಹಲ ಕಂಡಿಯ ವಯಸ್ಸನ್ನು ಮೀನುಗಳ ಸಾಕ್ಷ್ಯದಿಂದ ಊಹಿಸುವ ಲೇಖನವನ್ನು ಅವರು ೧೯೪೪ರಲ್ಲಿ ಬರೆದರು. ೧೯೪೯ರಲ್ಲಿ ಭಾರತದ ರಾಷ್ಟ್ರೀಯ ವಿಜ್ಞಾನ ಸಂಸ್ಥೆಯಲ್ಲಿ ಈ ವಿಷಯದ ಮೇಲೆಯೇ ಒಂದು ವಿಚಾರಗೋಷ್ಠಿ ನಡೆಯಿತು. ಪ್ರಾಣಿಶಾಸ್ತ್ರದಲ್ಲಿ ಇದಕ್ಕೆ ಸಾತ್ಪುಡ ಸಿದ್ಧಾಂತವೆಂದು ಹೆಸರು.

ಈ ಕೆಲಸಕ್ಕಾಗಿ ಅವರು ನಮ್ಮ ನಾಡಿನ ಮೀನುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ೧೯೪೨ರಲ್ಲಿ ಮೈಸೂರು ಸಂಸ್ಥಾನ ಹಾಗೂ ನೆರೆಯ ನೀಲಗಿರಿ, ವಯನಾಡು, ಕೊಡಗುಗಳ ಮೀನುಗಳ ಒಂದು ಪಟ್ಟಿಯನ್ನು ಪ್ರಕಟಿಸಿದರು. ಅದಕ್ಕೆ ಒಂದು ವರ್ಷ ಮೊದಲು ಬಿ. ಎಸ್. ಭೀಮಾಚಾರ್ ಮತ್ತು ಸುಬ್ಬರಾವ್ ಎಂಬ ನಮ್ಮ ವಿದ್ವಾಂಸರು ಕಡೂರು ಜಿಲ್ಲೆಯ, ಎಂದರೆ ಈಗಿನ ಚಿಕ್ಕಮಗಳೂರು ಜಿಲ್ಲೆಯ, ಮೀನುಗಳನ್ನು ಕುರಿತು ಮೈಸೂರು ವಿಶ್ವವಿದ್ಯಾನಿಲಯದ ಪತ್ರಿಕೆಯಲ್ಲಿ ಬರೆದಿದ್ದರು. ೧೯೪೫ರಲ್ಲಿ ಭೀಮಾಚಾರ್ ಅವರು ಬೆಟ್ಟದ ತೊರೆಯ ಮೀನುಗಳ ಆಧಾರದ ಮೇಲೆ ಪಶ್ಚಿಮ ಘಟ್ಟಗಳನ್ನು ವಿಭಾಗಿಸಿ ತೋರಿಸಿದರು. ಹೀಗೆ ಕಲ್ಕತ್ತೆಯಲ್ಲಿ ಎದ್ದ ಪ್ರಶ್ನೆಗೆ ತುಂಗಾ ಭದ್ರೆಯರ ಹುಟ್ಟುನಾಡಿನಲ್ಲಿಯೂ ಉತ್ತರವನ್ನು ಹುಡುಕುವವರು ಇದ್ದರು.

ಸಾತ್ಪುಡ ಸಿದ್ಧಾಂತವು ಇಂದು ನಿರ್ವಿವಾದವಾಗಿ ಉಳಿದಿಲ್ಲವೆಂಬುದನ್ನು ಓದುಗರಿಗೆ ತಿಳಿಸುವುದು ಅಗತ್ಯ. ಆ ಬೆಟ್ಟಗಳಲ್ಲಿ ಅಷ್ಟು ಎತ್ತರವೂ ಅಷ್ಟು ತೇವವೂ ಬೇಕಾದ ಕಾಲದಲ್ಲಿ ಇದ್ದವೇ ಎಂದು ಭೂವಿಜ್ಞಾನದ ಕಡೆಯಿಂದ ಆಕ್ಷೇಪಗಳು ಬಂದಿವೆ. ಜೀವಕೋಶಗಳಲ್ಲಿರುವ ವಂಶವಾಹಿಗಳನ್ನು ಹೋಲಿಸಿ ನಂಟನ್ನು ನಿರ್ಣಯಿಸುವ ವಿಧಾನವು ಹೋರಾ ಅವರ ಕಾಲದಲ್ಲಿ ಇರಲಿಲ್ಲ. ಈಗ ಅದು ಬಂದಿರುವುದರಿಂದ, ಪೂರ್ವದ ಮತ್ತು ಪಶ್ಚಿಮದ ಜೀವಿಗಳಲ್ಲಿ ಕೆಲವು ನಿಜವಾದ ನಂಟರು, ಇನ್ನು ಕೆಲವು ಒಂದೇ ಬಗೆಯ ಪರಿಸರದಲ್ಲಿ ಬೆಳೆದು ಹಾಗೆ ತೋರುವವು ಎಂದು ಸಂಶೋಧಕರು ಬೇರ್ಪಡಿಸುತ್ತಿದ್ದಾರೆ. ಹೋರಾ ಅವರ ಉತ್ತರವು ತಿದ್ದುಪಡಿಗೆ ಒಳಗಾಯಿತು. ಅವರ ಪ್ರಶ್ನೆ ಇಂದಿಗೂ ಜೀವಂತವಾಗಿದೆ. ಹಿಮಾಲಯಕ್ಕೂ ಸಹ್ಯಾದ್ರಿಗೂ ನಡುವೆ ನೀರಿನ ದಾರಿಯೊಂದಿತ್ತೇ ಎಂದು ಒಂದು ಪುಟ್ಟ ಮೀನನ್ನು ಕೇಳಬಹುದೆಂದು ತೋರಿಸಿದವರು ಅವರು.

ಇಷ್ಟು ಹೊತ್ತು ಹೇಳಿದುದು ಜ್ಞಾನಕ್ಕಾಗಿ ಜ್ಞಾನವೆಂಬ ಮಾತಾಯಿತು. ಇನ್ನು ಅನ್ನದ ಮಾತಿಗೆ ಬರೋಣ. ಬಂಗಾಳದಲ್ಲಿ ಅನ್ನವೆಂದರೆ ಮೀನೂ ಅದರೊಡನೆ ಬರುವುದಷ್ಟೆ. ಅಲ್ಲಿ ಇಲಿಶ್ ಎಂದೂ ಇತರರಲ್ಲಿ ಹಿಲ್ಸಾ ಎಂದೂ ಪ್ರಸಿದ್ಧವಾದ ಮೀನು ಕಡಲಿನಲ್ಲಿ ಬೆಳೆದು, ಮೊಟ್ಟೆಯಿಡಲು ನದಿಯನ್ನೇರಿ ಬರುವಂಥದು. ಮದುವೆಯಾಗಿ ದೂರ ಹೋದ ಮಗಳು ಬಾಣಂತನಕ್ಕೆ ತವರಿಗೆ ಬರುವಂತೆ, ಅದು ಉಪ್ಪುನೀರನ್ನು ಬಿಟ್ಟು ಸಿಹಿನೀರಿಗೆ ಬರುತ್ತದೆ. ಆದರೆ ಗಂಗೆಯಲ್ಲಿ ಅದು ಎಲ್ಲಿ ಮೊಟ್ಟೆಯಿಡುತ್ತದೆ, ಮರಿಗಳು ಎಲ್ಲಿ ಬೆಳೆಯುತ್ತವೆ ಎಂಬುದು ಸ್ಪಷ್ಟವಾಗಿರಲಿಲ್ಲ. ಕಲ್ಕತ್ತೆ ನಗರಕ್ಕೆ ಹೂಗ್ಲಿ ನದಿಯ ನೀರನ್ನು ಎತ್ತಿ ಒದಗಿಸುವ ಪಲ್ಟಾ ಎಂಬ ಜಲಕೇಂದ್ರವುಂಟು. ನದಿಯ ನೀರು ಅಲ್ಲಿನ ದೊಡ್ಡ ತೊಟ್ಟಿಗಳಲ್ಲಿ ನಿಂತು ತಿಳಿಯಾಗುತ್ತದೆ. ಆ ತೊಟ್ಟಿಗಳಲ್ಲಿ ಹಿಲ್ಸಾದ ಮರಿಗಳು ಸಿಕ್ಕಿದವು. ೧೯೩೮ರಲ್ಲಿಯೂ, ಮತ್ತೆ ನಾಯರ್ ಎಂಬ ಸಹೋದ್ಯೋಗಿಯೊಡನೆ ೧೯೪೦ರಲ್ಲಿಯೂ ಹೋರಾ ಈ ಮೀನಿನ ಜೀವನಕ್ರಮವನ್ನು ಕುರಿತು ಬರೆದರು. ನಗರವಾಸಿಗಳು ಕುಡಿಯುವ ನೀರಿನ ತೊಟ್ಟಿಯೇ ಮೀನಿನ ತೊಟ್ಟಿಲ ಗುಟ್ಟನ್ನು ಹೊರಗೆಡಹಿತು.

೧೯೪೨ರಲ್ಲಿ ಅವರನ್ನು ಬಂಗಾಳದ ಮೀನುಗಾರಿಕೆ ಇಲಾಖೆಯ ನಿರ್ದೇಶಕರನ್ನಾಗಿ ನೇಮಿಸಲಾಯಿತು. ಕಾಲವು ಬಹಳ ಕೆಟ್ಟದಾಗಿತ್ತು. ಮಹಾಯುದ್ಧವು ನಡೆಯುತ್ತಿತ್ತು, ೧೯೪೩ರಲ್ಲಿ ಬಂಗಾಳವನ್ನು ಘೋರವಾದ ಕ್ಷಾಮವು ಮುತ್ತಿತು. ಸೂಕ್ಷ್ಮದರ್ಶಕದ ಮುಂದೆ ಕುಳಿತಿದ್ದ ವಿದ್ವಾಂಸರು ಹಸಿದವರ ತಟ್ಟೆಯ ಚಿಂತೆಯನ್ನು ಹೊರಬೇಕಾಯಿತು. ಸುಂದರಬನದ ಉಪ್ಪುನೀರಿನ ಮೀನುಕಟ್ಟೆಗಳನ್ನು ಹೇಗೆ ಅಭಿವೃದ್ಧಿಗೊಳಿಸಬೇಕೆಂದು ಅವರು ೧೯೪೪ರಲ್ಲಿ ಸಲಹೆಗಳನ್ನು ಕೊಟ್ಟರು.

ಕಟ್ಲಾ, ರೋಹು, ಮೃಗಾಲ ಎಂಬ ದೊಡ್ಡ ಗೆಂಡೆಮೀನುಗಳ ವಿಷಯದಲ್ಲಿ ಒಂದು ಹಳೆಯ ತೊಡಕಿತ್ತು. ಇವು ಕೆರೆಯಲ್ಲಿ ಚೆನ್ನಾಗಿ ಬೆಳೆಯುತ್ತವೆ. ಆದರೆ ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ಮರಿಗಳಿಗಾಗಿ ವರ್ಷವರ್ಷವೂ ನದಿಯನ್ನೇ ನಂಬಬೇಕು. ಆದರೆ ಬಾಂಕುಡಾ, ಮಿಡ್ನಾಪುರ ಜಿಲ್ಲೆಗಳಲ್ಲಿ ಇಳಿಜಾರಿನ ಮಳೆನೀರು ಬಂದು ತುಂಬುವ ಕೆಲವು ಕಟ್ಟೆಗಳಲ್ಲಿ ಇವೇ ಮೀನುಗಳು ಮೊಟ್ಟೆಯಿಡುತ್ತಿದ್ದವು. ಹೀಗೇಕೆ? ಹೋರಾ ೧೯೪೫ರಲ್ಲಿ ಇದರ ಕಾರಣಗಳನ್ನು ವಿಶ್ಲೇಷಿಸಿ, ಪ್ರವಾಹದ ಹೊಸನೀರು ಬಂದು ಆಳವಿಲ್ಲದ ನೆಲದ ಮೇಲೆ ಹರಡಿಕೊಳ್ಳುವುದೇ ಮುಖ್ಯವೆಂದು ತೋರಿಸಿದರು. ಮಳೆಗಾಲದಲ್ಲಿ ನದಿಯು ದಡವನ್ನು ಮೀರಿ ಬಯಲಿಗೆ ಹರಿದರೆ ನಮಗೆ ಅದು ನೆರೆ, ಹಾನಿ. ಮೀನಿಗಾದರೋ ಅದೇ ಮದುವೆಯ ಚಪ್ಪರ.

ಈ ತೊಡಕಿಗೆ ಪ್ರಯೋಗಶಾಲೆಯ ಪರಿಹಾರವು ದೊರೆತದ್ದು ಹೋರಾ ಅವರ ನಿಧನದ ಬಳಿಕ. ೧೯೫೭ರಲ್ಲಿ ಹೀರಾಲಾಲ ಚೌಧುರಿ ಮತ್ತು ಅಲಿಕುಂಞಿ ಎಂಬ ವಿಜ್ಞಾನಿಗಳು ಮೀನಿನ ಮೆದುಳಿನ ಬುಡದಲ್ಲಿರುವ ಗ್ರಂಥಿಯ ರಸವನ್ನು ಚುಚ್ಚುಮದ್ದಿನಂತೆ ಕೊಟ್ಟು ಗೆಂಡೆಮೀನುಗಳು ಮೊಟ್ಟೆಯಿಡುವಂತೆ ಮಾಡಿದರು. ಇಂದು ನಮ್ಮ ಪಟ್ಟಣದ ಮಾರುಕಟ್ಟೆಯಲ್ಲಿ ಕಾಣುವ ಕಟ್ಲಾ ರೋಹುಗಳ ಸಾಕಣೆಯು ಈ ವಿದ್ಯೆಯ ಆಧಾರದ ಮೇಲೆ ಬೆಳೆದುದು.

ಹಾಗಾದರೆ ನದಿಯ ಗೊಡವೆ ಇನ್ನೇಕೆ ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆಗೆ ಹೋರಾ ಅವರು ಮುಂಚಿತವಾಗಿಯೇ ಉತ್ತರ ಕೊಟ್ಟಿದ್ದರೆನ್ನಬೇಕು. ಬೆಂಗಳೂರಿನಿಂದ ೧೯೩೨ರಿಂದ ಹೊರಬರುತ್ತಿರುವ ‘ಕರೆಂಟ್ ಸೈನ್ಸ್’ ಎಂಬ ವಿಜ್ಞಾನಪತ್ರಿಕೆಯಲ್ಲಿ ೧೯೪೦ರಲ್ಲಿ ಅವರ ಒಂದು ಸಣ್ಣ ಲೇಖನವು ಪ್ರಕಟವಾಯಿತು. ಅದರ ವಿಷಯ ಅಣೆಕಟ್ಟುಗಳು ಮತ್ತು ವಲಸೆ ಹೋಗುವ ಮೀನುಗಳ ಸಮಸ್ಯೆ. ಆ ಹೊತ್ತಿಗೆ ನಮ್ಮ ದೇಶದಲ್ಲಿ ದೊಡ್ಡ ಅಣೆಕಟ್ಟುಗಳ ಯುಗವು ಆರಂಭವಾಗಿತ್ತಷ್ಟೆ. ಕಾವೇರಿಯಲ್ಲಿಯೇ ಕನ್ನಂಬಾಡಿಯ ಕಟ್ಟೆಯು ಎದ್ದಿತ್ತು. ಕೆಳಗೆ ೧೯೩೪ರಲ್ಲಿ ಮೆಟ್ಟೂರಿನ ಅಣೆಕಟ್ಟೆಯು ಮುಗಿದಿತ್ತು. ಹಿಂದೆ ಕಾವೇರಿಯನ್ನೂ ಏರುತ್ತಿದ್ದ ಹಿಲ್ಸಾ ಮೆಟ್ಟೂರಿನ ಬಳಿಕ ಅಲ್ಲಿ ಕ್ಷೀಣಿಸಿತು.

ಅಣೆಕಟ್ಟು ಬೇಡವೆಂದು ಹೇಳಲು ಯಾರಿಗೂ ಬಾಯಿ ಬಾರದು. ಮಂಡ್ಯದ ಗದ್ದೆಗಳನ್ನು ಕಂಡವರು ಹಾಗೆ ಹೇಳಲಾರರು. ನಿಮ್ಮ ಮನೆಯ ರೇಡಿಯೋ ಹಾಡುವುದೂ ಎಷ್ಟೋ ವೇಳೆ ನೀರಿನಿಂದ ಹುಟ್ಟಿದ ವಿದ್ಯುತ್ತಿನಿಂದಲೇ. ಆದರೆ ನದಿಯೆಂಬುದು ನೀರಿನ ಸಂಗ್ರಹವಷ್ಟೇ ಅಲ್ಲ, ಅದೊಂದು ದಾರಿ. ಎಂಜಿನಿಯರರ ಲೆಕ್ಕದಲ್ಲಿ ನೀರು ಮೇಲಿನಿಂದ ಕೆಳಕ್ಕೆ ಮಾತ್ರ ಹೋಗುತ್ತದೆ. ಮೀನಿನ ಲೆಕ್ಕದಲ್ಲಿ ಕೆಳಗಿನಿಂದ ಮೇಲಕ್ಕೂ ಪಯಣವುಂಟು. ಕಟ್ಟೆಯನ್ನು ಕಟ್ಟುವ ಮೊದಲು ಆ ದಾರಿಯಲ್ಲಿ ಯಾರು ಯಾವ ತಿಂಗಳಲ್ಲಿ ಹೋಗುತ್ತಾರೆಂದು ವಿಚಾರಿಸಿದರೆ, ಅವರಿಗೊಂದು ಮೆಟ್ಟಿಲನ್ನೋ ಓಣಿಯನ್ನೋ ಬಿಡುವುದು ಸಾಧ್ಯವೇ ಎಂದು ಯೋಚಿಸಬಹುದು. ಕಟ್ಟಿ ಮುಗಿದ ಮೇಲೆ ವಿಚಾರಿಸಿದರೆ ಉತ್ತರ ಹೇಳಲು ಮೀನೇ ಇರುವುದಿಲ್ಲ.

ಇದಕ್ಕೆ ಗಂಗೆಯೇ ಸಾಕ್ಷಿ. ಹಿಲ್ಸಾ ಮೀನು ಹಿಂದೆ ಕಡಲಿನಿಂದ ಹೊರಟು ಪ್ರಯಾಗದವರೆಗೂ ಅದರಾಚೆಗೂ ಏರಿ ಬರುತ್ತಿತ್ತು. ೧೯೭೫ರಲ್ಲಿ ಫರಕ್ಕಾದ ಅಡ್ಡಗಟ್ಟೆಯು ಕಾರ್ಯಾರಂಭ ಮಾಡಿತು. ಅದಾದ ಬಳಿಕ ಬಿಹಾರದಲ್ಲಿಯೂ ಪ್ರಯಾಗದಲ್ಲಿಯೂ ಹಿಲ್ಸಾದ ಇಳುವರಿಯು ಕುಸಿದು ಹೆಚ್ಚುಕಡಿಮೆ ಇಲ್ಲವಾಯಿತು. ಅದನ್ನೇ ನಂಬಿದ್ದ ಬೆಸ್ತರ ಬದುಕು ಏನಾಯಿತೆಂಬುದನ್ನು ಊಹಿಸಿಕೊಳ್ಳಬಹುದು. ಈಚಿನ ವರ್ಷಗಳಲ್ಲಿ ಹಿಲ್ಸಾಗಳನ್ನು ಹಿಡಿದು ಕಟ್ಟೆಯ ಮೇಲ್ಭಾಗದ ನದಿಗೆ ಬಿಡುವ ಪ್ರಯತ್ನವು ನಡೆದಿದೆ. ಒಂದು ಕಾಲದಲ್ಲಿ ತಾನಾಗಿಯೇ ಏರಿ ಬರುತ್ತಿದ್ದುದನ್ನು ಈಗ ಕೈಯಲ್ಲೆತ್ತಿ ದಾಟಿಸಬೇಕಾಗಿ ಬಂದಿದೆ.

ಈ ಕೆಲಸಗಳ ನಡುವೆಯೇ ಹೋರಾ ಇನ್ನೊಂದು ದಿಕ್ಕಿಗೆ ತಿರುಗಿದರು. ೧೯೪೭ರಲ್ಲಿ ಅವರು ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಮುಖ್ಯಸ್ಥರಾದರು. ಆಡಳಿತದ ಹೊರೆಯನ್ನು ಹೊತ್ತ ಆ ದಿನಗಳಲ್ಲಿಯೇ, ನಮ್ಮ ಪೂರ್ವಿಕರಿಗೆ ಮೀನುಗಳ ವಿಷಯ ಏನೇನು ತಿಳಿದಿತ್ತೆಂದು ಹಳೆಯ ಗ್ರಂಥಗಳನ್ನು ಶೋಧಿಸತೊಡಗಿದರು. ಬಂಗಾಳದ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ಲೇಖನಮಾಲೆಯು ಬಂದಿತು. ೧೯೪೮ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ, ೧೯೫೦ರಲ್ಲಿ ಅಶೋಕನ ಐದನೆಯ ಸ್ತಂಭಶಾಸನ, ೧೯೫೧ರಲ್ಲಿ ಮಾನಸೋಲ್ಲಾಸ, ೧೯೫೩ರಲ್ಲಿ ಸೂತ್ರ ಮತ್ತು ಸ್ಮೃತಿಗಳು.

ಈ ಪಟ್ಟಿಯನ್ನು ನೋಡಿದರೆ ಕನ್ನಡಿಗರಿಗೆ ಸಂತೋಷವಾಗಬೇಕು. ಅರ್ಥಶಾಸ್ತ್ರದ ಓಲೆಯ ಪ್ರತಿಯು ಬೆಳಕಿಗೆ ಬಂದದ್ದು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ. ಪಂಡಿತ ಆರ್. ಶಾಮಶಾಸ್ತ್ರಿಗಳು ಅದನ್ನು ೧೯೦೯ರಲ್ಲಿ ಅಚ್ಚು ಹಾಕಿಸದಿದ್ದರೆ ೧೯೪೮ರ ಲೇಖನಕ್ಕೆ ಆಧಾರವೇ ಇರುತ್ತಿರಲಿಲ್ಲ. ಇನ್ನು ಮಾನಸೋಲ್ಲಾಸವಂತೂ ನಮ್ಮ ನೆಲದಲ್ಲೇ ಹುಟ್ಟಿದ ಗ್ರಂಥ. ಈಗ ಬೀದರ ಜಿಲ್ಲೆಯಲ್ಲಿರುವ ಬಸವಕಲ್ಯಾಣವು ಅಂದು ಚಾಲುಕ್ಯ ಸಾಮ್ರಾಜ್ಯದ ರಾಜಧಾನಿ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರನು, ಸರ್ವಜ್ಞಚಕ್ರವರ್ತಿಯೆಂಬ ಬಿರುದಿನವನು, ಹನ್ನೆರಡನೆಯ ಶತಮಾನದ ಮೂರನೆಯ ದಶಕದ ಹೊತ್ತಿಗೆ ಈ ವಿಶ್ವಕೋಶವನ್ನು ಸಂಸ್ಕೃತದಲ್ಲಿ ರಚಿಸಿದನು. ಅಭಿಲಷಿತಾರ್ಥಚಿಂತಾಮಣಿಯೆಂಬುದು ಇದರ ಇನ್ನೊಂದು ಹೆಸರು. ಆ ಹೆಸರಿನಿಂದಲೇ ಇದರ ಮೊದಲ ಭಾಗವು ೧೯೨೬ರಲ್ಲಿ ಮೈಸೂರಿನಿಂದ ಪ್ರಕಟವಾಯಿತು. ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯಗಳು. ರಾಜನ ವಿನೋದಗಳನ್ನು ಹೇಳುವ ಭಾಗದಲ್ಲಿ ಮತ್ಸ್ಯವಿನೋದವೆಂಬ ಅಧ್ಯಾಯವಿದೆ.

ಗಾಳ ಹಾಕಿ ಮೀನು ಹಿಡಿಯುವ ವಿನೋದವೇ ಅದರ ವಿಷಯ. ಆದರೆ ಸೋಮೇಶ್ವರನು ವಿನೋದವನ್ನೂ ಶಾಸ್ತ್ರದಂತೆ ನಡೆಸಿದವನು. ಕಡಲಿನ ಮೀನು ಯಾವುದು, ಹೊಳೆಯ ಮೀನು ಯಾವುದು, ಹುರುಪೆಯುಳ್ಳದ್ದು ಯಾವುದು, ಇಲ್ಲದ್ದು ಯಾವುದು, ದೊಡ್ಡದು ಯಾವುದು, ಸಣ್ಣದು ಯಾವುದು ಎಂದು ವಿಂಗಡಿಸಿದ್ದಾನೆ. ಯಾವ ಮೀನಿಗೆ ಎಂಥ ಮೇವನ್ನು ಹಾಕಬೇಕು, ಗಾಳದ ದಾರವನ್ನು ಯಾವ ನಾರಿನಿಂದ ಹೊಸೆಯಬೇಕು ಎಂಬ ವಿವರವೂ ಇದೆ. ಸಂಸ್ಕೃತ ಬಲ್ಲ ನಮ್ಮಂಥವರು ಈ ಅಧ್ಯಾಯವನ್ನು ಓದಿದರೆ ಮೀನುಗಳ ಹೆಸರುಗಳು ಬರಿಯ ಹೆಸರುಗಳಾಗಿ ಉಳಿಯುತ್ತವೆ. ನಿಘಂಟಿನಲ್ಲಿ ನೋಡಿದರೆ ಮತ್ಸ್ಯವಿಶೇಷ ಎಂದಿರುತ್ತದೆ. ಅಲ್ಲಿಗೆ ಪಾಂಡಿತ್ಯವು ಮುಗಿಯಿತು. ಮೀನನ್ನು ಬಲ್ಲ ಹೋರಾ ಆ ಹೆಸರುಗಳ ಹಿಂದಿರುವ ಜೀವಂತ ಮೀನುಗಳನ್ನು ಗುರುತಿಸಲು ಪ್ರಯತ್ನಿಸಿದರು. ಕಾವ್ಯ ವ್ಯಾಕರಣಗಳನ್ನು ಓದಿದವರು ಎಡವುವಲ್ಲಿ ಹೊಳೆಯನ್ನು ಓದಿದವರು ದಾರಿ ತೋರಿಸಬಲ್ಲರೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಅಶೋಕನ ಐದನೆಯ ಸ್ತಂಭಶಾಸನವು ನಮ್ಮ ಮಸ್ಕಿ, ಬ್ರಹ್ಮಗಿರಿಗಳಲ್ಲಿ ಇರುವ ಶಾಸನವಲ್ಲ. ಅದು ಉತ್ತರದ ಕಂಬಗಳ ಮೇಲಿರುವಂಥದು. ಅದರಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯಿದೆ. ಪಟ್ಟಿಯಲ್ಲಿ ಕೆಲವು ಮೀನುಗಳೂ ಇವೆ. ಚಾತುರ್ಮಾಸ್ಯದ ಹುಣ್ಣಿಮೆಗಳ 'ಆಸುಪಾಸಿನ ದಿನಗಳಲ್ಲಿಯೂ ಉಪವಾಸದ ದಿನಗಳಲ್ಲಿಯೂ ಮೀನನ್ನು ಕೊಲ್ಲಬಾರದು, ಮಾರಲೂ ಬಾರದು ಎಂಬ ಆಜ್ಞೆಯಿದೆ. ಬೆಸ್ತರಿಗಾಗಿ ಕಾದಿಟ್ಟ ನೀರುಗಳ ಪ್ರಸ್ತಾಪವೂ ಬರುತ್ತದೆ. ಇದನ್ನು ಅಹಿಂಸೆಯ ಉಪದೇಶವೆಂದು ಓದುವುದು ವಾಡಿಕೆ. ಹೋರಾ ಇದನ್ನು ಮೀನುಗಾರಿಕೆಯ ಕಾನೂನೆಂದು ಓದಿದರು. ಆಷಾಢದ ಹುಣ್ಣಿಮೆಯೆಂದರೆ ಗಂಗೆಯ ಬಯಲಿನಲ್ಲಿ ಮಳೆಯು ಹಿಡಿದು ನದಿಗಳು ಏರುವ ಕಾಲ. ಗೆಂಡೆಮೀನುಗಳು ಮೊಟ್ಟೆಯಿಡಲು ಹೊರಡುವ ಕಾಲ. ಧರ್ಮಕ್ಕೂ ಲೋಕವ್ಯವಹಾರಕ್ಕೂ ವಿರೋಧವಿಲ್ಲವೆಂಬುದು ಇದರಿಂದ ತೋರುತ್ತದೆ. ಕೆರೆಯ ಮೀನಿನಿಂದ ಬರುವ ಆದಾಯದಿಂದಲೇ ಕೆರೆಯನ್ನು ಕಾಪಾಡಿಕೊಳ್ಳುತ್ತಿದ್ದ ಪ್ರಾಚೀನ ಪದ್ಧತಿಯನ್ನು ಕುರಿತೂ ಅವರು ೧೯೫೧ರಲ್ಲಿ ಬರೆದಿದ್ದಾರೆ. ಹೂಳು ತುಂಬಿದ ಕೆರೆಗಳ ನಡುವೆ ಬಾಳುವ ನಮಗೆ ಇದು ಬರಿಯ ಇತಿಹಾಸವಲ್ಲ.

ನಮ್ಮ ನಾಡಿನಲ್ಲಿ ಅಂಥ ಕಾದಿಟ್ಟ ನೀರುಗಳು ಇಂದಿಗೂ ಇವೆ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಬಳಿ ಗುಂಪುಗುಂಪಾಗಿ ಬರುವ ಮೀನುಗಳಿಗೆ ಮಂಡಕ್ಕಿ ಹಾಕದವರು ಯಾರು? ಶಿಶಿಲದ ಮತ್ಸ್ಯತೀರ್ಥವೂ ಅಂಥದೇ. ದೇವರ ಮೀನೆಂಬ ಭಾವನೆಯಿಂದ ಅಲ್ಲಿ ಗಾಳವಿಲ್ಲ, ಬಲೆಯಿಲ್ಲ. ಅಲ್ಲಿರುವ ದೊಡ್ಡ ಹುರುಪೆಯ ಮೀನುಗಳಲ್ಲಿ ಮಹಶೀರ್ ಮುಖ್ಯವಾದುದು. ಈ ಮಹಶೀರಿನ ಜಾತಿಗಳ ಹೆಸರಿನ ಗೋಜಲನ್ನು ಬಿಡಿಸುವುದಕ್ಕಾಗಿ ಹೋರಾ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಹಲವು ವರ್ಷ ಬರೆದರು.

ಹೆಸರಿನಲ್ಲೇನಿದೆ ಎಂದು ಅಸಡ್ಡೆ ಮಾಡುವವರು ಕಾವೇರಿಯ ಕಥೆಯನ್ನು ಕೇಳಬೇಕು. ಕಾವೇರಿಯಲ್ಲಿ ಗೂನುಬೆನ್ನಿನ ಒಂದು ಮಹಶೀರ್ ಉಂಟು. ಲೋಕದ ಬೇರೆ ಯಾವ ನದಿಯ ವ್ಯವಸ್ಥೆಯಲ್ಲಿಯೂ ಅದು ಇಲ್ಲ. ಗಾಳಗಾರರಲ್ಲಿ ಅದು ನೂರು ವರ್ಷಕ್ಕೂ ಮೇಲ್ಪಟ್ಟು ಪ್ರಸಿದ್ಧವಾಗಿತ್ತು. ಆದರೂ ಅದಕ್ಕೆ ಖಚಿತವಾದ ಶಾಸ್ತ್ರೀಯ ನಾಮವು ನಿರ್ಧಾರವಾಗಿರಲಿಲ್ಲ. ಈ ನಡುವೆ, ಕಳೆದ ಶತಮಾನದ ಎಪ್ಪತ್ತರ ದಶಕದಿಂದ, ಮಹಶೀರ್ ಸಂತತಿಯನ್ನು ಹೆಚ್ಚಿಸುವ ಒಳ್ಳೆಯ ಉದ್ದೇಶದಿಂದಲೇ ಹೊರಗಿನ ಮರಿಕೇಂದ್ರದಲ್ಲಿ ಬೆಳೆಸಿದ ಇನ್ನೊಂದು ಜಾತಿಯ ಮಹಶೀರನ್ನು ಕಾವೇರಿಗೆ ಬಿಡಲಾಯಿತು. ಅದು ಬೆಳೆಯಿತು, ಗೂನುಬೆನ್ನಿನದು ಕ್ಷೀಣಿಸಿತು. ೨೦೧೮ರಲ್ಲಿ ಸಂಶೋಧಕರು ಅದು ಟೋರ್ ರೇಮಾದೇವಿ ಎಂಬ ಜಾತಿಯೆಂದು ಖಚಿತಪಡಿಸಿದರು. ಈ ಹೆಸರನ್ನು ೨೦೦೭ರಲ್ಲಿ, ಹೋರಾ ಅವರು ದುಡಿದ ಅದೇ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಒಬ್ಬ ಮಹಿಳಾ ವಿಜ್ಞಾನಿಯ ಗೌರವಾರ್ಥ ಇಟ್ಟಿದ್ದರು. ಹೆಸರು ತಿಳಿದ ವರ್ಷದಲ್ಲಿಯೇ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯನ್ನು ಸೇರಿತು. ಯಾವ ಮೀನು ಎಂದು ತಿಳಿಯದೆ ಮೀನಿಗೆ ಉಪಕಾರ ಮಾಡಹೊರಟರೆ ಹೀಗಾಗುತ್ತದೆ. ಸೀಸೆಯ ಮುಂದೆ ಕುಳಿತು ಹುರುಪೆಗಳನ್ನು ಎಣಿಸುವ ಕೆಲಸವು ನಿರುಪಯೋಗಿಯೆಂದು ಇನ್ನು ಯಾರೂ ನಗಲಾರರು.

ಹೋರಾ ಅವರು ೧೯೫೫ರ ಡಿಸೆಂಬರ್ ತಿಂಗಳಲ್ಲಿ ಕಾಲವಾದರು. ಮೀನುಸಾಕಣೆಯನ್ನು ಕುರಿತು ಅವರೂ ಟಿ. ವಿ. ಆರ್. ಪಿಳ್ಳೆ ಅವರೂ ಸೇರಿ ಬರೆದ ಕೈಪಿಡಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ೧೯೬೨ರಲ್ಲಿ ಪ್ರಕಟಿಸಿತು. ಅವರ ಸ್ಮರಣೆಗೆ ಕಲ್ಲಿನ ಪ್ರತಿಮೆ ಬೇಕಾಗಿಲ್ಲ. ಪಶ್ಚಿಮ ಕರಾವಳಿಯ ಪಾರದರ್ಶಕವಾದ ಒಂದು ಪುಟ್ಟ ಮೀನಿನ ಕುಲಕ್ಕೆ ೧೯೪೦ರಲ್ಲಿಯೇ ಹೋರಾಇಕ್ಥಿಸ್ ಎಂದು ಹೆಸರಿಟ್ಟರು. ಕೇರಳದ ಬಾವಿಗಳಲ್ಲಿ, ನೆಲದಡಿಯ ಕತ್ತಲ ನೀರಿನಲ್ಲಿ ವಾಸಿಸುವ ಕಣ್ಣಿಲ್ಲದ ಮೀನಿನ ಕುಲಕ್ಕೆ ೧೯೫೦ರಲ್ಲಿ ಹೋರಾಗ್ಲಾನಿಸ್ ಎಂದೂ, ಪಶ್ಚಿಮ ಘಟ್ಟಗಳ ನದಿಗಳ ಒಂದು ಮೀಸೆಮೀನಿನ ಕುಲಕ್ಕೆ ೧೯೫೫ರಲ್ಲಿ ಹೋರಾಬಾಗ್ರಸ್ ಎಂದೂ ಹೆಸರಾಯಿತು. ಕಣ್ಣಿಲ್ಲದ ಮೀನಿಗೂ ತನ್ನ ಹೆಸರನ್ನು ಕೊಟ್ಟ ಭಾಗ್ಯವು ಎಷ್ಟು ವಿದ್ವಾಂಸರಿಗೆ ದೊರೆತೀತು?

ಪಂಜಾಬಿನ ಈ ವಿದ್ವಾಂಸರು ಖಾಸಿ ಬೆಟ್ಟದ ತೊರೆಯಿಂದ ಹೊರಟು, ಸಾತ್ಪುಡವನ್ನು ಹಾದು, ಸಹ್ಯಾದ್ರಿಯನ್ನು ಮುಟ್ಟಿ, ಹೂಗ್ಲಿಯ ತೊಟ್ಟಿಯನ್ನೂ ಕಲ್ಯಾಣದ ಅರಮನೆಯ ಗ್ರಂಥವನ್ನೂ ಕಂಡು ಹೇಳಿದ ಮಾತನ್ನು ಒಂದೇ ವಾಕ್ಯದಲ್ಲಿ ಹೇಳಬಹುದು: ಮೀನನ್ನು ಉಳಿಸಿಕೊಳ್ಳಬೇಕಾದರೆ ಅದರ ನೀರನ್ನು ಮೂಲದಿಂದ ಕಡಲಿನವರೆಗೆ ಬಲ್ಲವರಾಗಬೇಕು. ಮುಂದಿನ ಸಲ ಯಾವುದಾದರೂ ಹೊಸ ಅಣೆಕಟ್ಟಿನ, ಕಾಲುವೆಯ, ನದಿ ತಿರುಗಿಸುವ ಯೋಜನೆಯ ಸುದ್ದಿಯು ನಿಮ್ಮ ಮನೆಯ ರೇಡಿಯೋದಲ್ಲಿ ಬಂದಾಗ, ಎಷ್ಟು ಎಕರೆಗೆ ನೀರು, ಎಷ್ಟು ಮನೆಗೆ ವಿದ್ಯುತ್ತು ಎಂದು ಕೇಳಿದ ಮೇಲೆ, ಆ ನೀರಿನಲ್ಲಿ ಮೇಲಕ್ಕೂ ಕೆಳಕ್ಕೂ ಹೋಗುವವರನ್ನು ಯಾರಾದರೂ ವಿಚಾರಿಸಿದ್ದಾರೆಯೇ ಎಂದೂ ಕೇಳಿರಿ. ನದೀಮೂಲವನ್ನು ಕೇಳಬಾರದೆಂಬ ಗಾದೆಗೆ ಈ ಒಂದು ಸಂದರ್ಭದಲ್ಲಿ ವಿನಾಯಿತಿ ಕೊಟ್ಟರೆ ಹಿರಿಯರು ಬೇಸರಪಡಲಾರರು.